ಸೈಡರ್ ನಿಧಾನ ಆಗಿದೆಯಾ, ನಿಂತೇ ಹೋಗಿದೆಯಾ?

ಮನೇಲಿ ಹಾರ್ಡ್ ಸೈಡರ್, ಅಂದ್ರೆ ಸೇಬಿನ ರಸ ಹುದುಗಿಸಿದ ಮದ್ಯ, ಮಾಡೋರಿಗೆ ಒಂದಲ್ಲ ಒಂದ್ಸಲ ಈ ಪ್ರಶ್ನೆ ಬಂದೇ ಬರುತ್ತೆ. ಶುರುವಲ್ಲಿ ನೊರೆ ಉಕ್ಕಿ, ಒಳಗಿನ ಗ್ಯಾಸ್ ಹೊರಗೆ ಬಿಡೋ ನೀರು ತುಂಬಿದ ಏರ್‌ಲಾಕ್ ಬುಳುಬುಳು ಅಂತಿರುತ್ತೆ, ಆಮೇಲೆ ಒಂದಿನ ಸದ್ದೇ ಇಲ್ಲ, ರಸ ಇನ್ನೂ ಸಿಹಿ ಇದೆ, ಏನಾಯ್ತು ಅಂತ ಗೊತ್ತಾಗಲ್ಲ. ಈ ಸಲದ ನನ್ನ ಬ್ಯಾಚ್ 1.052 ಗ್ರ್ಯಾವಿಟಿಯಲ್ಲಿ (ನೀರಿಗೆ ಹೋಲಿಸಿದ್ರೆ ರಸದ ಸಾಂದ್ರತೆ, ಸಕ್ಕರೆ ಮುಗೀತಾ ಬಂದ ಹಾಗೆ ಇಳಿಯುತ್ತೆ) ಶುರುವಾಗಿ 1.030ರ ಹತ್ರ ಬಂದ್ಮೇಲೆ ತೆವಳೋಕೆ ಶುರು ಮಾಡ್ತು. ಅದನ್ನ ಸರಿ ಮಾಡೋಕೆ ಹೋಗಿ ನಾನು ಏನೇನು ನೋಡ್ದೆ, ಯಾವುದು ಕಾರಣ ಅಲ್ಲ ಅಂತ ಹೇಗೆ ತಳ್ಳಿಹಾಕ್ದೆ, ಕೊನೆಗೆ ಏನು ಮಾಡ್ದೆ ಅಂತ ವಿವರವಾಗಿ ಬರೀತಿದೀನಿ. ಯಾಕಂದ್ರೆ ಈ ವಿಷ್ಯದಲ್ಲಿ ಸಿಗೋ ಸಲಹೆಗಳಲ್ಲಿ ಹೆಚ್ಚಿನವು "ಇನ್ನೊಂದು ಪ್ಯಾಕೆಟ್ ಈಸ್ಟ್ ಹಾಕಿ" ಅನ್ನೋದ್ರಲ್ಲೇ ಮುಗೀತವೆ, ಅದು ತುಂಬಾ ಸಲ ಬೇಕಾಗಿರೋದೇ ಇಲ್ಲ.

ಮೊದಲು ಏನಿತ್ತು ಅಂತ ಹೇಳ್ತೀನಿ. ರಸ ನಾವೇ ಹಿಂಡಿದ್ದು, ಹಳೇ ಮರಗಳ ಸೇಬು, ಆ ಮರಗಳಿಗೆ ಯಾರೂ ಗೊಬ್ಬರ ಹಾಕ್ತಿರ್ಲಿಲ್ಲ (ಈ ವಿಷ್ಯ ಮುಂದೆ ಬರುತ್ತೆ, ನೆನಪಿರ್ಲಿ). ಹುಳಿ ಹಣ್ಣು ಸಿಹಿ ಹಣ್ಣು ಎರಡೂ ಬೆರೆಸಿದ್ವಿ, ಪಿಎಚ್ (ಹುಳಿಯ ಅಳತೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) 3.5ರ ಆಸುಪಾಸು ಇತ್ತು. ಬೇಡದ ಸೂಕ್ಷ್ಮಜೀವಿಗಳನ್ನ ಅಡಗಿಸೋ ಸಲ್ಫೈಟ್, ಅಂದ್ರೆ ಪೊಟ್ಯಾಶಿಯಮ್ ಮೆಟಾಬೈಸಲ್ಫೈಟ್ ಹಾಕಿ ಒಂದು ಪೂರ್ತಿ ದಿನ ಬಿಟ್ಟು ಆಮೇಲೆ ಈಸ್ಟ್ ಹಾಕಿದ್ದು. ಈಸ್ಟ್ ಏಲ್ ಬಿಯರ್‌ಗೆ ಬಳಸೋ ಒಣ ಈಸ್ಟ್, ಬೆಚ್ಚಗಿನ ನೀರಲ್ಲಿ ನೆನೆಸಿ ಹಾಕಿದ್ದೆ. ಎರಡು ಗಾಜಿನ ಜಾಡಿ, ಒಂದು ಮುಚ್ಚಳ ಇರೋ ಪ್ಲಾಸ್ಟಿಕ್ ಬಕೆಟ್, ಮೂರಕ್ಕೂ ಅದೇ ರಸ ಅದೇ ಈಸ್ಟ್. ಮೂರೂ ಒಂದು ತಣ್ಣನೆ ಕೋಣೇಲಿ. ಒಂದೇ ರಸ ಮೂರು ಕಡೆ ಇದ್ದಿದ್ದು ಎಷ್ಟು ಒಳ್ಳೇದಾಯ್ತು ಅಂದ್ರೆ, ಒಂದಕ್ಕೆ ಒಂದು ಬದಲಾವಣೆ ಮಾಡಿ ಇನ್ನೊಂದರ ಜೊತೆ ಹೋಲಿಸಿ ನೋಡೋಕೆ ಆಯ್ತು. ಎಲ್ಲಾ ಒಂದೇ ದೊಡ್ಡ ಪಾತ್ರೇಲಿ ಇದ್ದಿದ್ರೆ ಯಾವುದರಿಂದ ಏನಾಯ್ತು ಅಂತ ಹೇಳೋಕೆ ಆಗ್ತಾನೇ ಇರ್ಲಿಲ್ಲ.

ಈಗ ಏರ್‌ಲಾಕ್ ವಿಷ್ಯ. ಬಕೆಟ್ ಮೇಲಿನ ಏರ್‌ಲಾಕ್ ಶುರುವಿಂದಾನೂ ಗುಳ್ಳೆ ಬಿಡ್ಲೇ ಇಲ್ಲ. ಗಾಜಿನ ಜಾಡಿಗಳೆರಡೂ ಚೆನ್ನಾಗಿ ಗುಳ್ಳೆ ಬಿಡ್ತಿದ್ವು. ನೋಡೋರಿಗೆ ಬಕೆಟ್ ಸತ್ತಿದೆ ಜಾಡಿಗಳು ಚೆನ್ನಾಗಿವೆ ಅಂತಾನೇ ಅನ್ಸುತ್ತೆ. ಹೈಡ್ರೋಮೀಟರ್ (ರಸದಲ್ಲಿ ತೇಲಿಸಿ ಗ್ರ್ಯಾವಿಟಿ ಓದೋ ಗಾಜಿನ ಕೊಳವೆ) ಇಟ್ಟು ನೋಡಿದ್ರೆ ಜಾಡಿಗಳು 1.030, ಬಕೆಟ್ 1.026! ಬಕೆಟ್ ಮುಚ್ಚಳದ ಅಂಚಿಂದ ಗಾಳಿ ಹೊರಗೆ ಹೋಗ್ತಿತ್ತು ಅಷ್ಟೆ, ಇಂಗಾಲದ ಡೈಆಕ್ಸೈಡ್‌ಗೆ ಏರ್‌ಲಾಕಿನ ನೀರು ತಳ್ಕೊಂಡು ಹೋಗೋಕಿಂತ ಆ ಸಂದಿ ಸುಲಭದ ದಾರಿ. ಇದು ಉಲ್ಟಾನೂ ಆಗುತ್ತೆ. ಒಂದು ಜಾಡೀನ ಆಮೇಲೆ ಬೆಚ್ಚಗಿನ ಜಾಗಕ್ಕೆ ಎತ್ತಿಟ್ಟಾಗ ಅವತ್ತೇ ಏರ್‌ಲಾಕ್ ಕುಣಿಯೋಕೆ ಶುರು ಮಾಡ್ತು, ಮಾರನೇ ದಿನ ಅಳತೆ ತೆಗೆದ್ರೆ ಗ್ರ್ಯಾವಿಟಿ ಇದ್ದಲ್ಲೇ ಇದೆ. ತಣ್ಣನೆ ದ್ರವ ಗ್ಯಾಸನ್ನ ಹೆಚ್ಚು ಹಿಡಿದಿಟ್ಕೊಳುತ್ತೆ, ಬೆಚ್ಚಗಾದ ತಕ್ಷಣ ಬಿಟ್ಬಿಡುತ್ತೆ, ಅದರಲ್ಲಿ ಈಸ್ಟ್ ಕೆಲಸ ಏನೂ ಇಲ್ಲ. ಹೊರಗಿನ ಗಾಳಿಯ ಒತ್ತಡ ಕಮ್ಮಿ ಆದ ದಿನಾನೂ ಹೀಗೇ ಆಗುತ್ತೆ. ಅದಕ್ಕೇ ನಿಮಿಷಕ್ಕೆ ಎಷ್ಟು ಗುಳ್ಳೆ ಅಂತ ಎಣಿಸ್ತಾ ಕೂರೋರನ್ನ ನೋಡಿದ್ರೆ ನಂಗೆ ಬೇಜಾರಾಗುತ್ತೆ, ಆ ಸಮಯದಲ್ಲಿ ಒಂದು ಅಳತೆ ತೆಗೆದಿದ್ರೆ ಉತ್ತರಾನೇ ಸಿಗ್ತಿತ್ತು.

ಅಳತೆ ತೆಗೆಯೋದ್ರಲ್ಲೂ ಸ್ವಲ್ಪ ಹುಷಾರಾಗಿರ್ಬೇಕು. ಫರ್ಮೆಂಟ್ ಆಗ್ತಿರೋ ರಸದಲ್ಲಿ ಗ್ಯಾಸ್ ತುಂಬ್ಕೊಂಡಿರುತ್ತೆ, ಆ ಸಣ್ಣ ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟ್ಕೊಂಡು ಅದನ್ನ ಮೇಲಕ್ಕೆ ಎತ್ತುತ್ತವೆ, ಆಗ ಇರೋದಕ್ಕಿಂತ ಜಾಸ್ತಿ ತೋರ್ಸುತ್ತೆ. ನಾನು ಸ್ಯಾಂಪಲ್ಲನ್ನ ಎರಡು ಲೋಟದ ಮಧ್ಯೆ ಹತ್ತಾರು ಸಲ ಸುರಿದು ಗ್ಯಾಸ್ ಹೊರಗೆ ಹಾಕಿ, ಕೋಣೆ ಬಿಸಿಗೆ ಬರೋವರೆಗೂ ಬಿಟ್ಟು, ಆಮೇಲೆ ಹೈಡ್ರೋಮೀಟರ್ ಇಳಿಸಿ ಒಂದ್ಸಲ ತಿರುಗಿಸಿ ಓದ್ತೀನಿ. ಹೆಚ್ಚಿನ ಹೈಡ್ರೋಮೀಟರ್ 20 ಡಿಗ್ರಿ ಸೆಲ್ಸಿಯಸ್‌ಗೋ 15.5 ಡಿಗ್ರಿಗೋ ಹೊಂದಿಸಿರೋವು, ಅದರ ಮೇಲೇ ಬರೆದಿರುತ್ತೆ. 20 ಡಿಗ್ರೀದನ್ನ 10 ಡಿಗ್ರಿ ರಸಕ್ಕೆ ಇಟ್ರೆ ಒಂದೆರಡು ಪಾಯಿಂಟ್ (ಒಂದು ಪಾಯಿಂಟ್ ಅಂದ್ರೆ 0.001) ಜಾಸ್ತಿ ಬರುತ್ತೆ. ನಿಧಾನವಾಗಿ ಇಳೀತಿರೋ ಸೈಡರ್‌ನಲ್ಲಿ ಆ ಒಂದೆರಡು ಪಾಯಿಂಟೇ ಇಡೀ ವಾರದ ಇಳಿತ ಆಗಿರ್ಬಹುದು! ಸ್ಯಾಂಪಲ್ ತೆಗೆದಿದ್ದನ್ನ ವಾಪಸ್ ಜಾಡಿಗೆ ಹಾಕ್ಬೇಡಿ, ಕುಡಿದು ರುಚಿ ನೋಡಿ, ಅದೂ ಒಂದು ಮಾಹಿತಿನೇ.

ಕೆಲವರ ಹತ್ರ ರಿಫ್ರ್ಯಾಕ್ಟೋಮೀಟರ್ (ಬೆಳಕು ಎಷ್ಟು ಬಗ್ಗುತ್ತೆ ಅಂತ ನೋಡಿ ಸಕ್ಕರೆ ಅಳೆಯೋ ಉಪಕರಣ) ಇರುತ್ತೆ, ಎರಡು ಹನಿ ಸಾಕು ಅಂತ ಅದನ್ನೇ ಬಳಸ್ತಾರೆ. ರಸ ಹಿಂಡಿದ ದಿನಕ್ಕೆ ಅದು ಒಳ್ಳೇದು. ಆಲ್ಕೋಹಾಲ್ ಬಂದ್ಮೇಲೆ ಅದರ ಓದು ತಪ್ಪುತ್ತೆ, ಯಾಕಂದ್ರೆ ಆಲ್ಕೋಹಾಲ್ ಬೆಳಕನ್ನ ನೀರಿಗಿಂತ ಹೆಚ್ಚು ಬಗ್ಗಿಸುತ್ತೆ. 1.050ರಲ್ಲಿ ಶುರುವಾಗಿ ಪೂರ್ತಿ ಮುಗಿದು 1.000 ಆಗಿರೋ ಸೈಡರನ್ನ ರಿಫ್ರ್ಯಾಕ್ಟೋಮೀಟರ್ 1.015ರಿಂದ 1.020ರ ಆಸುಪಾಸಲ್ಲಿ ತೋರ್ಸುತ್ತೆ. "ನನ್ನ ಸೈಡರ್ 1.018ಕ್ಕೇ ನಿಂತೋಯ್ತು" ಅನ್ನೋ ದೂರುಗಳಲ್ಲಿ ಒಂದಷ್ಟು ಇದೇ ಆಗಿರುತ್ತೆ. ಆಲ್ಕೋಹಾಲ್ ಲೆಕ್ಕ ಹಾಕಿ ಸರಿಪಡಿಸೋ ಸೂತ್ರಗಳಿವೆ, ಆದ್ರೆ ನಿಂತಿದೆಯಾ ಇಲ್ವಾ ಅಂತ ತೀರ್ಮಾನ ಮಾಡೋಕೆ ನಾನಂತೂ ಹೈಡ್ರೋಮೀಟರನ್ನೇ ನಂಬೋದು.

ಸರಿ, ನನ್ನದು ನಿಂತಿರ್ಲಿಲ್ಲ. ದಿನಕ್ಕೆ ಅರ್ಧ ಪಾಯಿಂಟ್‌ಗಿಂತಲೂ ಕಮ್ಮಿ, ಆದ್ರೆ ಇಳೀತಿತ್ತು. ಇದು ಗೊತ್ತಾಗೋಕೆ ನಡುವೆ ಒಂದು ವಾರ ಬಿಟ್ಟು ಎರಡು ಅಳತೆ ಬೇಕು, ಇವತ್ತು ನಾಳೆ ನೋಡಿದ್ರೆ ಗೊತ್ತಾಗಲ್ಲ.

ಇನ್ನು ಕಾರಣ ಹುಡುಕೋದು. ಮೊದಲು ಸುಲಭವಾಗಿ ತಳ್ಳಿಹಾಕೋ ಅಂಥದ್ದನ್ನ ತೆಗೆದೆ. ಪ್ರಿಸರ್ವೇಟಿವ್: ನಾವೇ ಹಿಂಡಿದ ರಸ, ಹಂಗಾಗಿ ಆ ಪ್ರಶ್ನೆ ಇಲ್ಲ. ಆದ್ರೆ ಪ್ಯಾಕೆಟ್ ರಸದಲ್ಲಿ ಸೈಡರ್ ಮಾಡೋರು ಮೊದಲು ನೋಡ್ಬೇಕಾದ್ದು ಇದನ್ನೇ, ಲೇಬಲ್ ಮೇಲೆ ಪೊಟ್ಯಾಶಿಯಮ್ ಸೋರ್ಬೇಟ್ ಅಥವಾ ಸೋಡಿಯಂ ಬೆಂಜೋಯೇಟ್ ಅಂತ ಇದ್ರೆ ಆ ರಸ ಬಿಟ್ಬಿಡಿ. ಸೋರ್ಬೇಟ್ ಈಸ್ಟನ್ನ ಕೊಲ್ಲಲ್ಲ, ಮರಿ ಹಾಕೋದನ್ನ ತಡೆಯುತ್ತೆ, ಹಾಕಿದ ಅಷ್ಟೇ ಈಸ್ಟ್ ಸ್ವಲ್ಪ ದಿನ ಕೆಲಸ ಮಾಡಿ ಸುಸ್ತಾಗುತ್ತೆ. ಪಾಶ್ಚರೈಸ್ ಆಗಿರೋ ರಸ ಪರವಾಗಿಲ್ಲ, ಆಸ್ಕಾರ್ಬಿಕ್ ಆಸಿಡ್ ಅಂತ ಬರೆದಿದ್ರೂ ಪರವಾಗಿಲ್ಲ, ಅದು ಬರೀ ವಿಟಮಿನ್ ಸಿ. ಸಲ್ಫೈಟ್: ಅದು ತೊಂದರೆ ಮಾಡಿದ್ರೆ ಶುರುವಲ್ಲೇ ಮಾಡುತ್ತೆ, ಈಸ್ಟ್ ಏಳೋದೇ ಇಲ್ಲ, ನನ್ನದು ಎದ್ದು ನೊರೆ ಬಂದು ಅರ್ಧ ದಾರಿ ಹೋಗಿತ್ತು. ಸಲ್ಫೈಟಿನ ಬಲ ಪಿಎಚ್ ಮೇಲೆ ನಿಂತಿರುತ್ತೆ, 3.3ಕ್ಕಿಂತ ಕಮ್ಮಿ ಇರೋ ಹುಳಿ ರಸಕ್ಕೆ 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಸಾಕಾದ್ರೆ 3.5ರಿಂದ 3.8 ಇರೋದಕ್ಕೆ 150 ಬೇಕಾಗುತ್ತೆ, ಹಂಗಾಗಿ ಹುಳಿ ರಸಕ್ಕೆ ಅಳತೆ ಇಲ್ಲದೆ ಸುರಿದ್ರೆ ಈಸ್ಟಿಗೂ ಪೆಟ್ಟು. ಹುಳಿ: ಪಿಎಚ್ 3ಕ್ಕಿಂತ ಕೆಳಗಿದ್ರೆ ಈಸ್ಟ್ ಒದ್ದಾಡುತ್ತೆ, 3.5 ಅಂದ್ರೆ ಅದಕ್ಕೆ ಆರಾಮು. ಸಕ್ಕರೆ ಜಾಸ್ತಿ ಆಯ್ತಾ ಅಂದ್ರೆ 1.052 ಸಾಮಾನ್ಯ ಸೇಬಿನ ರಸದ ಮಟ್ಟವೇ.

ಉಳಿದಿದ್ದು ಎರಡು, ತಂಪು ಮತ್ತೆ ಈಸ್ಟಿಗೆ ಊಟ.

ತಂಪಿನ ವಿಷ್ಯ ಸುಲಭ. ಕೋಣೆ ರಾತ್ರಿ 11 ಡಿಗ್ರಿಗೆ ಇಳೀತಿತ್ತು. ಶ್ಯಾಂಪೇನ್ ಈಸ್ಟ್ ಅಂತ ಕರೆಯೋ ಲಾಲ್ವಿನ್ ಇಸಿ-1118 ಥರದ್ದು 10 ಡಿಗ್ರಿವರೆಗೂ ಕೆಲಸ ಮಾಡುತ್ತೆ, ಏಲ್ ಈಸ್ಟ್‌ಗಳಿಗೆ ಹೆಚ್ಚಾಗಿ 15ರ ಮೇಲೆ ಬೇಕು. ಅಷ್ಟಕ್ಕಿಂತ ಕೆಳಗೆ ಹೋದ್ರೆ ಅವು ಸಾಯಲ್ಲ, ಒಂದಕ್ಕೊಂದು ಅಂಟ್ಕೊಂಡು ಬುಡಕ್ಕೆ ಇಳಿದು ಮಲಗ್ತವೆ. ಜಾಡಿ ಬುಡದಲ್ಲಿ ಗಟ್ಟಿಯಾಗಿ ಕೂತ ಗಸಿ, ಮೇಲೆ ರಸ ತಿಳಿಯಾಗ್ತಾ ಬರ್ತಿರೋದು, ಗ್ರ್ಯಾವಿಟಿ ಇನ್ನೂ 1.030, ಈ ಮೂರೂ ಒಟ್ಟಿಗೆ ಕಂಡ್ರೆ ತಂಪಿನ ಮೇಲೇ ಅನುಮಾನ ಪಡ್ಬೇಕು.

ಮೊದಲ ಜಾಡೀನ ಎತ್ತಿ ಬೆಚ್ಚಗಿನ ಕೋಣೇಲಿ ಇಟ್ಟೆ, 18ರಿಂದ 20 ಡಿಗ್ರಿ. ಅದಕ್ಕೆ ಬೇರೇನೂ ಹಾಕ್ಲಿಲ್ಲ. ಜಾಡೀನ ಮೆಲ್ಲಗೆ ಸುತ್ತಿಸಿ ಬುಡದ ಗಸಿ ಮೇಲೇಳೋ ಹಾಗೆ ಮಾಡ್ದೆ, ಅಷ್ಟೆ. ಇಲ್ಲಿ ಒಂದು ಮಾತು, ಸುತ್ತಿಸೋದು ಬೇರೆ ಕುಲುಕೋದು ಬೇರೆ. ಈಸ್ಟಿಗೆ ಆಮ್ಲಜನಕ ಬೇಕು ಅಂತ ಎಲ್ಲರೂ ಹೇಳ್ತಾರೆ, ನಿಜಾನೇ, ಆದ್ರೆ ಅದು ಶುರುವಿನಲ್ಲಿ. ಈಸ್ಟ್ ತನ್ನ ಜೀವಕೋಶದ ಪೊರೆಗೆ ಬೇಕಾದ ಸ್ಟೀರಾಲ್, ಕೊಬ್ಬಿನ ಆಮ್ಲ ಎಲ್ಲ ಕಟ್ಕೊಳೋದಕ್ಕೆ ಆಮ್ಲಜನಕ ಬಳಸುತ್ತೆ, ಅದು ಗಟ್ಟಿಯಾಗಿದ್ರೆ ಮುಂದೆ ಆಲ್ಕೋಹಾಲ್ ತಡ್ಕೊಳೋ ಶಕ್ತಿ ಬರುತ್ತೆ. ಅದಕ್ಕೇ ಈಸ್ಟ್ ಹಾಕೋ ದಿನ ರಸವನ್ನ ಎಷ್ಟು ಬೇಕಾದ್ರೂ ಕುಲುಕಿ. ಅರ್ಧ ದಾರಿ ಆದ್ಮೇಲೆ ಗಾಳಿ ಸೇರಿಸಿದ್ರೆ ಸೈಡರ್ ಕಂದು ಬಣ್ಣಕ್ಕೆ ತಿರುಗುತ್ತೆ, ಅಸಿಟಾಲ್ಡಿಹೈಡ್ ವಾಸನೆ ಬರುತ್ತೆ, ವಿನೆಗರ್ ಮಾಡೋ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆಗೆದ ಹಾಗಾಗುತ್ತೆ.

ಬೆಚ್ಚಗಾದ ಜಾಡಿ ಒಂದಷ್ಟು ಚುರುಕಾಯ್ತು. ದಿನಕ್ಕೆ ಒಂದು ಪಾಯಿಂಟ್‌ಗಿಂತ ಸ್ವಲ್ಪ ಹೆಚ್ಚು ಇಳಿಯೋಕೆ ಶುರುವಾಯ್ತು, ಸಮಾಧಾನ ಆಯ್ತು. ಆದ್ರೆ 1.015ರ ಹತ್ರ ಮತ್ತೆ ನಿಧಾನ.

ಎರಡನೇ ಜಾಡಿಗೆ ಇನ್ನೊಂದು ಲಕ್ಷಣ ಇತ್ತು, ಬಿರಟೆ ತೆಗೆದ್ರೆ ಕೊಳೆತ ಮೊಟ್ಟೆ ವಾಸನೆ, ಸಣ್ಣಗೆ. ಅದು ಹೈಡ್ರೋಜನ್ ಸಲ್ಫೈಡ್. ಈ ವಾಸನೆ ಬಂದ ತಕ್ಷಣ ಬ್ಯಾಚ್ ಕೆಟ್ಟೋಯ್ತು ಅಂತ ಚೆಲ್ಲೋರಿದಾರೆ, ದಯವಿಟ್ಟು ಚೆಲ್ಬೇಡಿ, ಹೆಚ್ಚಿನ ಸಲ ಅದು ಈಸ್ಟ್ ಹಸಿದಿದೆ ಅನ್ನೋದರ ಸೂಚನೆ. ಇಲ್ಲಿ ಊಟ ಅಂದ್ರೆ ಸಕ್ಕರೆ ಅಲ್ಲ, ಸಾರಜನಕ. ಈಸ್ಟ್ ಪ್ರೋಟೀನ್ ಕಟ್ಕೊಂಡು ಬೆಳೆಯೋಕೆ ಸಾರಜನಕ ಬೇಕು, ಅದು ಅಮೈನೋ ಆಮ್ಲ ಅಥವಾ ಅಮೋನಿಯಂ ರೂಪದಲ್ಲಿ ಸಿಗ್ಬೇಕು. ಅದು ಸಾಲದೇ ಬಂದ್ರೆ ಈಸ್ಟ್ ಗಂಧಕದ ಅಂಶವನ್ನ ಬಳಸಿ ಮುಗಿಸೋಕಾಗದೆ ಸಲ್ಫೈಡ್ ಆಗಿ ಹೊರಗೆ ಬಿಡುತ್ತೆ.

ಮತ್ತೆ ಸೇಬಿನ ರಸದ ಸ್ವಭಾವಾನೇ ಹಾಗಿದೆ, ಸಾರಜನಕ ಕಮ್ಮಿ. ಈಸ್ಟಿಗೆ ಸಿಗೋ ಸಾರಜನಕವನ್ನ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಅಳೀತಾರೆ, ಸೇಬಿನ ರಸದಲ್ಲಿ ಅದು 100ಕ್ಕಿಂತ ಕೆಳಗಿರೋದು ತುಂಬಾ ಸಾಮಾನ್ಯ, ದ್ರಾಕ್ಷಿ ರಸದಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿರುತ್ತೆ. ವೈನ್ ಮಾಡಿ ಅಭ್ಯಾಸ ಇರೋರಿಗೆ ಸೈಡರ್ ಯಾಕಿಷ್ಟು ಸೋಮಾರಿ ಅನ್ಸೋದಕ್ಕೆ ಇದು ದೊಡ್ಡ ಕಾರಣ. ಅದರಲ್ಲೂ ಮರ ಎಂಥದು ಅನ್ನೋದರ ಮೇಲೂ ನಿಂತಿರುತ್ತೆ. ಚೆನ್ನಾಗಿ ಗೊಬ್ಬರ ಹಾಕಿ ಬೆಳೆಸಿದ ಎಳೇ ತೋಟದ ಹಣ್ಣಲ್ಲಿ ಸಾರಜನಕ ಜಾಸ್ತಿ, ಗೊಬ್ಬರ ಕಾಣದ ಹಳೇ ದೊಡ್ಡ ಮರಗಳ ಹಣ್ಣಲ್ಲಿ ಕಮ್ಮಿ. ನಮ್ಮ ಮರಗಳು ಎರಡನೇ ಥರದವು. ಅಲ್ಲಿಗೆ ಅನುಮಾನ ಇನ್ನೂ ಬಲವಾಯ್ತು.

ಎರಡನೇ ಜಾಡೀನ ಅದೇ ತಣ್ಣನೆ ಕೋಣೇಲೇ ಬಿಟ್ಟು ಊಟ ಕೊಟ್ಟೆ. ಡೈಅಮೋನಿಯಂ ಫಾಸ್ಫೇಟ್, ಎಲ್ಲರೂ ಡಿಎಪಿ ಅನ್ನೋದು. ತಿನ್ನೋ ಪದಾರ್ಥಕ್ಕೆ ಬಳಸೋ ದರ್ಜೆಯದ್ದೇ ಆಗ್ಬೇಕು, ಹೊಲಕ್ಕೆ ಹಾಕೋ ಡಿಎಪಿ ಮುಟ್ಲೇಬೇಡಿ, ಅದರಲ್ಲಿ ಬೇರೆ ಏನೇನಿರುತ್ತೋ. ಲೀಟರಿಗೆ 1 ಗ್ರಾಂ ಡಿಎಪಿ ಹಾಕಿದ್ರೆ ಸುಮಾರು 210 ಮಿಲಿಗ್ರಾಂ ಸಾರಜನಕ ಸೇರುತ್ತೆ. ಅಷ್ಟೆಲ್ಲ ಬೇಡ. ನಾನು ಲೀಟರಿಗೆ 0.2 ಗ್ರಾಂ ಲೆಕ್ಕದಲ್ಲಿ ಹಾಕ್ದೆ, ಅಂದ್ರೆ 40 ಮಿಲಿಗ್ರಾಂ ಸಾರಜನಕ, ಜೊತೆಗೆ ಚಿಟಿಕೆ ಥಯಾಮಿನ್, ಅಂದ್ರೆ ವಿಟಮಿನ್ ಬಿ1, ಈಸ್ಟಿಗೆ ಅದೂ ಬೇಕಾಗುತ್ತೆ. ಯಾಕಿಷ್ಟು ಕಮ್ಮಿ ಅಂದ್ರೆ, ಅತಿಯಾಗಿ ಹಾಕಿದ್ರೆ ಈಸ್ಟ್ ಹುಚ್ಚೆದ್ದು ಓಡುತ್ತೆ, ಸೇಬಿನ ಪರಿಮಳ ಎಲ್ಲ ಗ್ಯಾಸ್ ಜೊತೆ ಹಾರೋಗುತ್ತೆ, ಈಸ್ಟ್ ಬಳಸದೇ ಉಳಿದ ಸಾರಜನಕ ಆಮೇಲೆ ಬೇರೆ ಸೂಕ್ಷ್ಮಜೀವಿಗಳಿಗೆ ಊಟ ಆಗುತ್ತೆ. ಕಮ್ಮಿ ಹಾಕಿ, ವಾರ ನೋಡಿ, ಬೇಕಾದ್ರೆ ಇನ್ನೊಂಚೂರು. ಡಿಎಪಿ ಬೇಡ ಅನ್ನೋರಿಗೆ ಫರ್ಮೈಡ್ ಓ ಥರ ಸತ್ತ ಈಸ್ಟಿಂದಾನೇ ಮಾಡಿದ ಪೋಷಕ ಇದೆ, ಅದು ನಿಧಾನವಾಗಿ ಕೆಲಸ ಮಾಡುತ್ತೆ, ನಂಗೆ ಅದು ಇನ್ನೂ ಮೆದು ಅನ್ಸಿದೆ.

ಹಾಕೋ ರೀತಿ ಮುಖ್ಯ. ಪುಡೀನ ನೇರವಾಗಿ ಜಾಡಿಗೆ ಸುರಿದ್ರೆ, ರಸದಲ್ಲಿ ಕರಗಿರೋ ಗ್ಯಾಸ್ ಎಲ್ಲಾ ಒಂದೇ ಸಲ ಆ ಪುಡಿಯ ಕಣಗಳ ಮೇಲೆ ಗುಳ್ಳೆ ಕಟ್ಟಿ ಎದ್ದು ಬಾಯಿಂದ ಹೊರಗೆ ಉಕ್ಕುತ್ತೆ, ನೆಲ ಗೋಡೆ ಎಲ್ಲಾ. ಒಂಚೂರು ನೀರಲ್ಲಿ ಪೂರ್ತಿ ಕರಗಿಸಿ ಮೆಲ್ಲಗೆ ಬಿಡ್ಬೇಕು. ಯಾವಾಗ ಅನ್ನೋದೂ ಮುಖ್ಯ. ಆಲ್ಕೋಹಾಲ್ ಏರ್ತಾ ಹೋದ ಹಾಗೆ ಈಸ್ಟ್ ಅಮೋನಿಯಂ ಒಳಗೆ ತಗೊಳೋ ಶಕ್ತಿ ಕಳ್ಕೊಳುತ್ತೆ, 9 ಪರ್ಸೆಂಟ್ ದಾಟಿದ್ಮೇಲೆ ಡಿಎಪಿ ಹಾಕಿ ಪ್ರಯೋಜನ ಇಲ್ಲ. ನನ್ನದು 1.052ರಿಂದ 1.030ಕ್ಕೆ ಬಂದಿತ್ತು, ವ್ಯತ್ಯಾಸ 0.022, ಅದನ್ನ 131.25ರಿಂದ ಗುಣಿಸಿದ್ರೆ ಸುಮಾರು 2.9 ಪರ್ಸೆಂಟ್, ಅಂದ್ರೆ ಇನ್ನೂ ಒಳ್ಳೇ ಸಮಯ. ಅದೇ 1.008ಕ್ಕೆ ಬಂದ್ಮೇಲೆ ಊಟ ಹಾಕೋಕೆ ನಾನು ಹೋಗಲ್ಲ.

ವಾಸನೆ ಕೆಲವೇ ದಿನಗಳಲ್ಲಿ ಹೋಯ್ತು, ಅದು ಮೊದಲು ಗೊತ್ತಾಗಿದ್ದು. ಆಮೇಲೆ ಗ್ರ್ಯಾವಿಟಿ ಒಂದೇ ಸಮನೆ ಇಳಿಯೋಕೆ ಶುರುವಾಯ್ತು, ಆ ತಂಪಲ್ಲೂ. ಮೊದಲ ಜಾಡಿ ಬೆಚ್ಚಗೆ ಮಾಡಿದಾಗ ಹಾರಿ ಆಮೇಲೆ ಸೋತಿತ್ತಲ್ಲ, ಇದು ಹಾರ್ಲೇ ಇಲ್ಲ, ನಡೀತಾ ನಡೀತಾ ಅದನ್ನ ಹಿಂದೆ ಹಾಕಿ 0.999ಕ್ಕೆ ಹೋಗಿ ಮುಟ್ತು. ಅದನ್ನ ನೋಡಿದಾಗ ಆದ ಖುಷಿ ಹೇಳೋಕಾಗಲ್ಲ. ಹಂಗಾಗಿ ನಮ್ಮ ರಸದ ಮಟ್ಟಿಗೆ ಮುಖ್ಯ ಕಾರಣ ಸಾರಜನಕ, ತಂಪು ಅದರ ಜೊತೆಗೆ ಸೇರ್ಕೊಂಡಿದ್ದು ಅಂತ ನನ್ನ ತೀರ್ಮಾನ.

ಮೊದಲ ಜಾಡಿ 1.015ರಲ್ಲಿ ಮತ್ತೆ ನಿಧಾನ ಆಗಿದ್ದಕ್ಕೆ ಇನ್ನೊಂದು ಕಾರಣಾನೂ ಇದೆ, ಇದು ಎಲ್ಲಾ ಸೈಡರ್‌ಗೂ ಅನ್ವಯ ಆಗೋದು. ಸೇಬಿನ ಸಕ್ಕರೆಯಲ್ಲಿ ಹೆಚ್ಚಿನ ಪಾಲು ಫ್ರಕ್ಟೋಸ್, ಗ್ಲೂಕೋಸ್ ಕಮ್ಮಿ. ಸ್ಯಾಕರೋಮೈಸಿಸ್ ಸೆರೆವಿಸಿಯೆ, ಅಂದ್ರೆ ನಾವು ಹಾಕೋ ಈಸ್ಟ್, ಗ್ಲೂಕೋಸನ್ನೇ ಮೊದಲು ಇಷ್ಟಪಟ್ಟು ತಿನ್ನುತ್ತೆ. ಕೊನೆ ಕೊನೇಲಿ ಉಳಿಯೋದು ಬಹುಪಾಲು ಫ್ರಕ್ಟೋಸ್, ಆ ಹೊತ್ತಿಗೆ ಆಲ್ಕೋಹಾಲ್ ಏರಿದೆ, ಊಟ ಖಾಲಿ, ಈಸ್ಟಿಗೂ ವಯಸ್ಸಾಗಿದೆ. ಅದಕ್ಕೇ ಕೊನೇ ಹತ್ತು ಪಾಯಿಂಟು ಮೊದಲ ಮೂವತ್ತಕ್ಕಿಂತ ಹೆಚ್ಚು ಸಮಯ ತಗೊಂಡ್ರೂ ಗಾಬರಿ ಬೇಡ. ಆ ಜಾಡೀನ ಅಲ್ಲೇ ಬೆಚ್ಚಗೆ ಬಿಟ್ಟೆ, ಆವಾಗಾವಾಗ ಸುತ್ತಿಸ್ತಿದ್ದೆ, ಕೊನೆಗೆ 1.002ಕ್ಕೆ ಬಂತು. ಈ ಹಂತದಲ್ಲಿ ಗಸಿ ಬಿಟ್ಟು ಬೇರೆ ಜಾಡಿಗೆ ಸೈಫನ್ ಮಾಡೋಕೆ ಕೈ ತುರಿಸುತ್ತೆ, ಇಳಿಯೋದು ಮುಗಿಯೋವರೆಗೂ ಮಾಡ್ಲಿಲ್ಲ, ಯಾಕಂದ್ರೆ ಗಸಿಯಲ್ಲೇ ಈಸ್ಟ್ ಇರೋದು, ಅದನ್ನ ಬಿಟ್ಟು ಬಂದ್ರೆ ಇನ್ನೂ ನಿಧಾನ.

ಈಗ ಬಕೆಟ್. ಬಕೆಟ್ಟಲ್ಲಿ ಮೇಲೆ ಖಾಲಿ ಜಾಗ ಜಾಸ್ತಿ, ಮುಚ್ಚಳ ಬೇರೆ ಸೋರುತ್ತೆ, ನೊರೆ ನಿಂತ್ಮೇಲೆ ಅಲ್ಲೇ ಬಿಟ್ರೆ ಗಾಳಿ ಸೇರಿ ವಿನೆಗರ್ ಆಗೋ ಅಪಾಯ. ಅದನ್ನ ಸೈಫನ್ ಮಾಡಿ ಕತ್ತಿನವರೆಗೂ ತುಂಬೋ ಹಾಗೆ ಗಾಜಿನ ಜಾಡಿಗೆ ವರ್ಗಾಯಿಸ್ದೆ, ಗಸಿ ಎಲ್ಲ ಹಿಂದೆ ಉಳೀತು. ಬೆಚ್ಚಗೂ ಮಾಡ್ಲಿಲ್ಲ, ಊಟಾನೂ ಕೊಡ್ಲಿಲ್ಲ. ಬೇಕಂತಲೇ ಬಿಟ್ಟಿದ್ದು. ಯಾಕಂದ್ರೆ ನಿಧಾನ ಅನ್ನೋದು ಸೈಡರ್‌ನಲ್ಲಿ ಕಾಯಿಲೆ ಅಲ್ಲ. ಫ್ರಾನ್ಸಿನ ನಾರ್ಮಂಡಿ, ಬ್ರಿಟನಿ ಕಡೆ ಸಹಜ ಸಿಹಿ ಇರೋ ಸೈಡರ್ ಮಾಡೋರು ಇದಕ್ಕೋಸ್ಕರಾನೇ ಕಷ್ಟ ಪಡ್ತಾರೆ. ತಣ್ಣನೆ ರಸದಲ್ಲಿ ಪೆಕ್ಟಿನ್ ಕ್ಯಾಲ್ಸಿಯಂ ಜೊತೆ ಸೇರಿ ಜೆಲ್ಲಿ ಥರ ಕಟ್ಟಿ ಮೇಲಕ್ಕೆ ಬರೋ ಹಾಗೆ ಮಾಡ್ತಾರೆ, ಆ ಕಂದು ಪದರಕ್ಕೆ ಫ್ರೆಂಚಲ್ಲಿ ಶಾಪೋ ಬ್ರ್ಯೂನ್ ಅಂತಾರೆ, ಅದರ ಜೊತೆ ಈಸ್ಟಿಗೆ ಬೇಕಾದ ಪೋಷಕಗಳೂ ಹೋಗ್ತವೆ, ಅದರ ಕೆಳಗಿನ ತಿಳಿ ರಸವನ್ನ ಬೇರೆ ಮಾಡಿ ತಿಂಗಳುಗಟ್ಟಲೆ ನಿಧಾನವಾಗಿ ಫರ್ಮೆಂಟ್ ಮಾಡ್ತಾರೆ. ಇಂಗ್ಲೆಂಡಲ್ಲೂ ಕೀವಿಂಗ್ ಅನ್ನೋ ಹೆಸರಲ್ಲಿ ಇದೇ ಪದ್ಧತಿ ಇದೆ. ನಮಗೆ ತೊಂದರೆ ಅನ್ಸೋದು ಅವರಿಗೆ ಗುರಿ! ನಮ್ಮ ಬಕೆಟ್ ರಸ ಹಾಗೇ ತೆವಳಿ ತೆವಳಿ 1.008ಕ್ಕೆ ಬಂದು ನಿಂತ್ಕೊಂತು, ವಾರಗಟ್ಟಲೆ ಅಲ್ಲೇ. ರುಚಿ ನೋಡಿದ್ರೆ ಮೂರರಲ್ಲೂ ಸೇಬಿನ ಪರಿಮಳ ಹೆಚ್ಚು ಉಳಿದಿದ್ದು ಇದರಲ್ಲೇ, ಸಣ್ಣ ಸಿಹಿ ಬೇರೆ. ನಮ್ಮಕ್ಕ ಮೂರೂ ಕುಡಿದು ನೋಡಿ "ನಂಗೆ ಇದೇ ಸಾಕು ಕಣೋ, ಉಳಿದಿದ್ದು ನೀನೇ ಇಟ್ಕೋ" ಅಂದ್ಳು. ನಂಗೆ ಎರಡನೇ ಜಾಡಿಯ ಒಣ ರುಚೀನೂ ಅಷ್ಟೇ ಇಷ್ಟ, ಅದು ಅವರವರ ನಾಲಿಗೆ.

ನಿಜವಾಗ್ಲೂ ನಿಂತೋಗಿ ಅದನ್ನ ಮತ್ತೆ ಎಬ್ಬಿಸ್ಲೇಬೇಕು ಅಂದಾಗ ಏನು ಮಾಡೋದು ಅಂತಾನೂ ಹೇಳ್ಬಿಡ್ತೀನಿ, ಯಾಕಂದ್ರೆ ಹಿಂದೊಂದು ಬ್ಯಾಚಿಗೆ ಅದನ್ನೂ ಮಾಡಿದ್ದೆ. ಜೇನು ಸೇರಿಸಿ 1.085ರಲ್ಲಿ ಶುರು ಮಾಡಿದ ಗಟ್ಟಿ ಸೈಡರ್ ಅದು, 1.025ಕ್ಕೆ ನಿಂತಿತ್ತು, ಬೆಚ್ಚಗೆ ಮಾಡಿದ್ರೂ ಗಸಿ ಎಬ್ಬಿಸಿದ್ರೂ ಒಂದು ಪಾಯಿಂಟೂ ಕದಲ್ಲಿಲ್ಲ. ಅಂಥದಕ್ಕೆ ಒಣ ಈಸ್ಟನ್ನ ಮೇಲಿಂದ ಉದುರಿಸಿದ್ರೆ ಅದು ಏಳಲ್ಲ. ಸುಮಾರು 8 ಪರ್ಸೆಂಟ್ ಆಲ್ಕೋಹಾಲ್ ಇರೋ, ಊಟ ಇಲ್ಲದ ದ್ರವಕ್ಕೆ ನಿದ್ದೆಯಿಂದ ಈಗಷ್ಟೇ ಎದ್ದ ಈಸ್ಟ್ ಬಿದ್ರೆ ಆ ಪೆಟ್ಟಿಗೇ ಸಾಯುತ್ತೆ. ಅದನ್ನ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸ್ಬೇಕು. ಇಸಿ-1118 ತಗೊಂಡೆ, ಅದು 18 ಪರ್ಸೆಂಟ್‌ವರೆಗೂ ತಡ್ಕೊಳುತ್ತೆ, ಸಾರಜನಕಾನೂ ಜಾಸ್ತಿ ಕೇಳಲ್ಲ. ಈಸ್ಟಿನ ತೂಕದ ಹತ್ತರಷ್ಟು ನೀರು, 35ರಿಂದ 40 ಡಿಗ್ರಿ ಬಿಸಿ, ಹದಿನೈದು ಇಪ್ಪತ್ತು ನಿಮಿಷ ನೆನೆಸಿ, ಮೊದಲು ಒಂದು ಲೋಟದಷ್ಟು ತಾಜಾ ಸೇಬಿನ ರಸಕ್ಕೆ ಹಾಕಿ ಜೋರಾಗಿ ನೊರೆ ಬರೋವರೆಗೂ ಬಿಟ್ಟೆ, ಎರಡರ ಬಿಸಿಯ ನಡುವೆ 10 ಡಿಗ್ರಿಗಿಂತ ಹೆಚ್ಚು ಅಂತರ ಇರದ ಹಾಗೆ ನೋಡ್ಕೊಂಡು. ಆಮೇಲೆ ನಿಂತಿರೋ ಸೈಡರ್ ಅಷ್ಟೇ ಪ್ರಮಾಣದಲ್ಲಿ ಸೇರಿಸಿದ್ದು, ಅದೂ ನೊರೆ ಬಂದ್ಮೇಲೆ ಮತ್ತೆ ಅದರಷ್ಟೇ ಸೈಡರ್. ಹೀಗೆ ದುಪ್ಪಟ್ಟು ಮಾಡ್ತಾ ಮಾಡ್ತಾ, ಪ್ರತೀ ಸಲ ಏಳೋದನ್ನ ಕಾದು, ಕೊನೆಗೆ ಹಳೇ ಗಸಿ ಬಿಟ್ಟು ಸೈಫನ್ ಮಾಡಿದ ಉಳಿದೆಲ್ಲಾ ಸೈಡರ್‌ಗೆ ಸೇರಿಸಿ 20 ಡಿಗ್ರಿಯಲ್ಲಿ ಇಟ್ಟೆ. ಎದ್ದೇ ಬಿಡ್ತು. ತಾಳ್ಮೆ ಬೇಕಾದ ಕೆಲಸ, ಆದ್ರೆ ಮಧ್ಯೆ ಯಾವ ಹಂತಾನೂ ಹಾರಿಸ್ಬಾರ್ದು, ಏಳದೇ ಇರೋ ಸ್ಟಾರ್ಟರ್ (ಹೀಗೆ ಬೆಳೆಸ್ತಿರೋ ಈಸ್ಟ್) ಮೇಲೆ ಇನ್ನಷ್ಟು ಸೈಡರ್ ಸುರಿದ್ರೆ ಎರಡೂ ಹೋಗುತ್ತೆ.

ಇನ್ನೊಂದು ಗೊಂದಲ. ಎಲ್ಲಾ ಮುಗಿದು ಗ್ರ್ಯಾವಿಟಿ 1.000 ಆಗಿ ತಿಂಗಳುಗಳಾದ್ಮೇಲೆ, ಬಿಸಿಲು ಏರ್ತಿದ್ದ ಹಾಗೆ ಜಾಡೀಲಿ ಮತ್ತೆ ಸಣ್ಣ ಗುಳ್ಳೆ ಏಳೋದು. ಗ್ರ್ಯಾವಿಟಿ ಬಹುತೇಕ ಬದಲಾಗಿಲ್ಲ, ಹುಳಿ ಮಾತ್ರ ಮೆದು ಆಗಿದೆ ಅಂದ್ರೆ ಅದು ಮ್ಯಾಲೋಲ್ಯಾಕ್ಟಿಕ್. ಈನೋಕಾಕಸ್ ಈನಿ ಥರದ ಬ್ಯಾಕ್ಟೀರಿಯಾ ಸೇಬಿನ ಮ್ಯಾಲಿಕ್ ಆಮ್ಲವನ್ನ ಲ್ಯಾಕ್ಟಿಕ್ ಆಮ್ಲ ಮಾಡ್ತವೆ, ಆಗ ಗ್ಯಾಸ್ ಬಿಡುತ್ತೆ. ಅದನ್ನ ಹಾಗೇ ಆಗೋಕೆ ಬಿಡಿ, ತುಂಬಾ ಹುಳಿ ಇರೋ ಸೈಡರ್‌ಗೆ ಅದರಿಂದ ಒಳ್ಳೇದೇ.

ಬಾಟಲಿಗೆ ಹಾಕೋದು. ನಿಧಾನ ಆದ ಸೈಡರ್‌ನಲ್ಲಿ ನಿಜವಾದ ಅಪಾಯ ಇರೋದು ಇಲ್ಲಿ, ಉಳಿದಿದ್ದೆಲ್ಲ ಬರೀ ಕಾಯೋ ವಿಷ್ಯ. 1.010ರಲ್ಲಿ ನಿಂತಿದೆ ಅಂದ್ಕೊಂಡು ಬಾಟಲಿಗೆ ತುಂಬಿ ಗಟ್ಟಿಯಾಗಿ ಮುಚ್ಚಿದ್ರೆ, ಬೇಸಿಗೇಲಿ ಈಸ್ಟ್ ಎದ್ದು ಅದನ್ನ 0.999ಕ್ಕೆ ಒಯ್ದರೆ ಲೀಟರಿಗೆ 20ರಿಂದ 25 ಗ್ರಾಂ ಸಕ್ಕರೆ ಮುಚ್ಚಿದ ಬಾಟಲಿಯೊಳಗೇ ಗ್ಯಾಸ್ ಆಗುತ್ತೆ. ಶ್ಯಾಂಪೇನಿಗೆ ಎರಡನೇ ಫರ್ಮೆಂಟೇಶನ್ನಿಗೆ ಅಂತ ಹಾಕೋದು ಲೀಟರಿಗೆ ಸುಮಾರು 24 ಗ್ರಾಂ, ಅದರಿಂದ 6 ವಾತಾವರಣದಷ್ಟು ಒತ್ತಡ ಬರುತ್ತೆ, ಅದಕ್ಕೇ ಆ ಬಾಟಲಿ ಅಷ್ಟು ದಪ್ಪ. ಸಾಮಾನ್ಯ ಬಿಯರ್ ಬಾಟಲಿ ಅದಕ್ಕೆ ಮಾಡಿದ್ದಲ್ಲ, ಒಡೆದು ಗಾಜು ಸಿಡಿಯುತ್ತೆ, ಕೈಲಿ ಹಿಡಿದಾಗಲೇ ಸಿಡಿದ್ರೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ. ಹಂಗಾಗಿ 1.005ಕ್ಕಿಂತ ಮೇಲೆ ನಿಂತಿರೋ ಯಾವುದನ್ನೂ ನಾನು ಹಾಗೇ ಗಾಜಿನ ಬಾಟಲಿಗೆ ಹಾಕಲ್ಲ.

ಎರಡನೇ ಜಾಡಿ, 0.999, ಅದಕ್ಕೆ ಲೀಟರಿಗೆ 8 ಗ್ರಾಂ ಸಕ್ಕರೆ ಲೆಕ್ಕ ಮಾಡಿ ಹಾಕಿ ಗ್ಯಾಸ್ ತಡೆಯೋ ಬಾಟಲಿಗೆ ತುಂಬಿದೀನಿ. ಮೊದಲನೇದನ್ನೂ ಹಾಗೇ, ಆದ್ರೆ ಅದರಲ್ಲೇ ಸ್ವಲ್ಪ ಸಕ್ಕರೆ ಉಳಿದಿರೋದ್ರಿಂದ ಲೀಟರಿಗೆ 3 ಗ್ರಾಂ ಅಷ್ಟೆ. 1.008ರ ಮೂರನೇದು ಸಿಹಿ ಉಳೀಬೇಕು, ಅದಕ್ಕೆ ಇರೋ ದಾರಿ ಒಂದೋ ಬಾಟಲಿಗೆ ತುಂಬಿ ಬಿಸಿನೀರಲ್ಲಿ ಇಟ್ಟು ಒಳಗಿನ ಸೈಡರ್ 60 ಡಿಗ್ರಿ ದಾಟೋ ಹಾಗೆ ಪಾಶ್ಚರೈಸ್ ಮಾಡೋದು, ಇಲ್ಲಾಂದ್ರೆ ಪೂರ್ತಿ ತಿಳಿಯಾದ್ಮೇಲೆ ಸೋರ್ಬೇಟ್ ಮತ್ತೆ ಸಲ್ಫೈಟ್ ಎರಡೂ ಹಾಕೋದು. ಸೋರ್ಬೇಟ್ ಒಂದನ್ನೇ ಹಾಕ್ಬಾರ್ದು, ಆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸೋರ್ಬೇಟನ್ನ ತಿಂದ್ರೆ ಜೆರೇನಿಯಂ ಎಲೆ ಜಜ್ಜಿದ ಥರ ವಾಸನೆ ಬರುತ್ತೆ, ಅದನ್ನ ಆಮೇಲೆ ಯಾವುದ್ರಿಂದಾನೂ ತೆಗೆಯೋಕೆ ಆಗಲ್ಲ. ನಾನು ಪಾಶ್ಚರೈಸ್ ಮಾಡೋದು ಅಂತ ತೀರ್ಮಾನ ಮಾಡ್ದೆ, ಗ್ಯಾಸ್ ಇಲ್ಲದೇ ಸ್ಟಿಲ್ ಆಗೇ, ಬಾಟಲಿ ಕತ್ತಲ್ಲಿ ಒಂದಿಷ್ಟು ಖಾಲಿ ಜಾಗ ಬಿಟ್ಟು. ಜೊತೆಗೆ ಅದೇ ಸೈಡರನ್ನ ಪಾಶ್ಚರೈಸ್ ಮಾಡದೇ ಒಂದು ಪ್ಲಾಸ್ಟಿಕ್ ಬಾಟಲೀಲಿ ತುಂಬಿ ಬೆಚ್ಚಗಿನ ಜಾಗದಲ್ಲಿ ಇಟ್ಟಿದೀನಿ, ಆವಾಗಾವಾಗ ಒತ್ತಿ ನೋಡ್ತೀನಿ, ಅದು ಕಲ್ಲಿನ ಹಾಗೆ ಗಟ್ಟಿ ಆದ್ರೆ 1.008 ಅನ್ನೋದು ನಿಂತಿದ್ದಲ್ಲ, ಬರೀ ತಂಪಿಗೆ ಮಲಗಿದ್ದು ಅಂತ ಗೊತ್ತಾಗುತ್ತೆ. ಸದ್ಯಕ್ಕೆ ಒತ್ತಿದ್ರೆ ಇನ್ನೂ ಸ್ವಲ್ಪ ಒಳಗೆ ಹೋಗುತ್ತೆ, ಹೋದ ವಾರಕ್ಕಿಂತ ಕಮ್ಮಿ.